ಮೈನಸ್ ಎರಡು ಸೆಕೆಂಡು

"ನಮ್ಮ ಕಲ್ಲು ನಿಮ್ಮ ಶಾಲಿ ಮ್ಯಾಲ ಬಿದ್ದಿಲ್ರೀ ಟೀಚರ್," ಅಂದ ಮುರುಗೇಶ. ಗಣಿ ಕಂಪನಿ ಸೇಫ್ಟಿ ಆಫೀಸರ್. ಹತ್ತನೇ ಕ್ಲಾಸಿನ್ಯಾಗ ನನ್ನ ಹತ್ರಾನ ಗಣಿತ ಕಲಿತ ಮಹಾನುಭಾವ.

ಆ ಕಲ್ಲು ಸೋಮವಾರ ಶಾಲಿ ಅಡಗಿಮನಿ ತಗಡು ತೂತು ಮಾಡಿ, ಬಿಸಿಯೂಟ ಮಾಡೋ ಯಲ್ಲಕ್ಕನ ಸಾರಿನ ಪಾತ್ರ್ಯಾಗ ಬಿದ್ದಿತ್ತು. ಚೀನಾದೋರು ಅದಿರು ಕೇಳಾಕ ಹತ್ತಿದಾಗಿಂದ ಸಂಡೂರು ಗುಡ್ಡದಾಗ ದಿನಾ ಮಧ್ಯಾಹ್ನ ಒಂದಕ್ಕ ಬ್ಲಾಸ್ಟಿಂಗ್. ನಮ್ಮ ಹುಡುಗ್ರು ಅಂಗಳದಾಗ ಉಣ್ಣಾಕ ಕುಂದ್ರೋದೂ ಒಂದಕ್ಕ. ಹುಡುಗ್ರು ಮನಿಗೆ ಹೋದಮ್ಯಾಲ, ಐದಕ್ಕ ಇಟ್ಕಳ್ರಪ್ಪಾ ಅಂತ ಅರ್ಜಿ ಕೊಟ್ಟಿದ್ದೆ. ಅಷ್ಟ ಕೇಳಿದ್ದು ನಾನು.

ಮುರುಗೇಶ ತನಿಖಾ ವರದಿ ಮೇಜಿನ ಮ್ಯಾಲ ಹಾಸಿದ. ಕಲ್ಲು ಮ್ಯಾಲಕ ಚಿಮ್ಮಿದ ವೇಗ ಸೆಕೆಂಡಿಗೆ ಮೂವತ್ತು ಮೀಟರ್, ಶಾಲಿ ಎಂಬತ್ತು ಮೀಟರ್ ಕೆಳಗ. ಕೆಳಗ ಬೀಳಾಕ ಹಿಡಿಯೋ ಸೆಕೆಂಡು t ಅಂದ್ರ, t² − 6t − 16 = 0. ಅಪವರ್ತನ ಮಾಡಿದ್ರ (t − 8)(t + 2) = 0; t ಎಂಟು, ಇಲ್ಲಾ ಮೈನಸ್ ಎರಡು. ಭೇಷ್! ಅಲ್ಲೀತನಕ ಸರಿನ. ಬ್ಲಾಸ್ಟ್ ಆಗಿ ಎಂಟು ಸೆಕೆಂಡಿಗೆ ಕಲ್ಲು ನಮ್ಮ ತಗಡಿನ ಮ್ಯಾಲ.

ಆದ್ರ ಆಸಾಮಿ ಎಂಟನ್ನ ಹೊಡೆದು ಹಾಕಿ, ಮೈನಸ್ ಎರಡು ಉಳಿಸ್ಕೊಂಡಿದ್ದ.

"ಅಂದ್ರ?"

"ಬ್ಲಾಸ್ಟಿಗಿಂತ ಎರಡು ಸೆಕೆಂಡ್ ಮೊದಲ ಬಿದ್ದೈತ್ರೀ. ಮೊದಲ ಬಿದ್ದ ಕಲ್ಲು ನಮ್ಮದು ಹೆಂಗ ಆಗತೈತಿ?"

ಮೈಯೆಲ್ಲ ಉರೀತು ನನಗ. ಪರೀಕ್ಷ್ಯಾಗೂ ಈ ಮಗ ಎರಡೂ ಉತ್ತರ ಬರೆದು ಕೈ ತೊಳ್ಕೊಂತಿದ್ದ, ಯಾವುದು ಬ್ಯಾಡ ಅಂತ ಒಂದಿನಾನೂ ಹೇಳಿದೋನಲ್ಲ. ಹೋಗ್ಲಿ ಪಾಪ ಅಂತ ಪೂರ್ತಿ ಮಾರ್ಕ್ಸ್ ಹಾಕಿದಾಕಿ ನಾನ!

ಅಷ್ಟರಾಗ ಗುಡ್ಡದಾಗ ಸೈರನ್ ಕೂಗ್ತು. ಹುಡುಗ್ರನ್ನ ಸೋಮವಾರದಿಂದ ಕ್ಲಾಸಿನೊಳಗ ಕುಂದ್ರಿಸಿ ಉಣ್ಣಿಸ್ತಿದ್ವಿ. ಯಲ್ಲಕ್ಕ ಸೌಟು ಹಿಡ್ಕೊಂಡು ಬಾಗಿಲಿಗೆ ಬಂದ್ಲು.

"ಸಾಹೇಬ್ರ, ನಿಮ್ಮ ಲೆಕ್ಕದಾಗ ಕಲ್ಲು ಮೊದಲ ಬೀಳ್ತಾವಂತಲ್ಲ, ಹಂಗಾರ ಢಂ ಅಂದಮ್ಯಾಲ ಏನು ಭಯ? ಬರ್ರಿ, ಅಂಗಳದಾಗ ತಾಟು ಇಟ್ಟೀನಿ. ಸಾರು ಬಿಸಿ ಐತಿ."

ಢಂ!

ಮುರುಗೇಶ ಹೆಲ್ಮೆಟ್ ಒತ್ತಿ ಹಿಡ್ಕೊಂಡು ಮೇಜಿನ ಕೆಳಗ ತೂರಿದ. "ಒಂದು, ಎರಡು, ಮೂರು..." ಅಂತ ಎಣಿಸೋದು ಕೇಳಿಸ್ತಿತ್ತು. ಎಂಟು ಅಂದಮ್ಯಾಲ ತಲಿ ಹೊರಗ ಹಾಕಿದ. ಕಿಟಕ್ಯಾಗ ಇಣುಕಿದ ಹುಡುಗ್ರು ಬಿದ್ದು ಬಿದ್ದು ನಕ್ವು.

ನನಗ ನಗು ಬರಲಿಲ್ಲ. ಕೆಂಪು ಪೆನ್ನು ತಗದು ಅವನ ಮೂಗಿನ ಮುಂದ ಹಿಡಿದೆ.

"ಹುಡುಗ್ರ ತಲಿಗೆ ಮೈನಸ್ ಎರಡು, ನಿನ್ನ ತಲಿಗೆ ಎಂಟು ಏನಲೇ?"

ಮುರುಗೇಶ ಪೆನ್ನು ಇಸ್ಕೊಂಡ. ಮೈನಸ್ ಎರಡರ ಮ್ಯಾಲ ಗೀಟು ಎಳೆದು, ಬ್ಲಾಸ್ಟಿಂಗ್ ಐದಕ್ಕ ಅಂತ ಬರೆದು, ಮೇಜಿನ ಕೆಳಗ ಕುಂತ ಸಹಿ ಮಾಡಿದ.