ಅಣ್ಣ ಅಳಿಸಿದ ಉಸಿರಿನ ಗುರುತುಗಳು

ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ ಎಂದು ವೈದ್ಯರು ಹೇಳಿದಾಗ ಅಣ್ಣನ ಎಡಕ್ಕೆ ಅತ್ತಿಗೆ, ಬಲಕ್ಕೆ ತಂಗಿ ಕೂತಿದ್ದರು. ಅತ್ತಿಗೆ ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಬದುಕುತ್ತೇನೋ ಇಲ್ಲವೋ ಎಂದು ಅಣ್ಣ ಕೇಳಲಿಲ್ಲ.

"ಊದೋಕಾಗುತ್ತಾ ಡಾಕ್ಟ್ರೇ?" ಎಂದ.

ವೈದ್ಯರು ತಮ್ಮ ಕತ್ತಿನ ಬುಡದಲ್ಲಿ ಬೆರಳಿಟ್ಟು ತೋರಿಸಿದರು. "ಇನ್ಮೇಲೆ ಉಸಿರು ಇಲ್ಲಿಂದ ಓಡಾಡುತ್ತೆ. ಬಾಯಿಗೆ ಬರಲ್ಲ."

"ಹಾಗಾದ್ರೆ ಆಗಲ್ಲ ಅನ್ನಿ." ಇಪ್ಪತ್ತೆಂಟು ವರ್ಷ ಟ್ರಾಂಬೋನ್ ಎಂಬ ಹಿತ್ತಾಳೆಯ ಕೊಳವೆವಾದ್ಯ ಊದಿ ಹೊಟ್ಟೆ ಹೊರೆದವನು, ಅಂಗಡಿಯಲ್ಲಿ ಕೇಳಿದ ಸಾಮಾನು ಇಲ್ಲವೆಂದರೆ ತಿರುಗಿ ಹೊರಡುವವನ ಹಾಗೆ ಎದ್ದು ನಿಂತ.

ಅವರ ವಾದ್ಯವೃಂದದಲ್ಲಿ ಟ್ರಾಂಬೋನಿನವರು ಮೂವರು. ಹಿಂದಿನ ಸಾಲಿನ ಮೊದಲ ಕುರ್ಚಿ ಅಣ್ಣನದು, ಎರಡನೆಯದು ತಂಗಿಯದು. ಮೂರನೆಯದರಲ್ಲಿ ಕೂತು ಪಾತಾಳದ ಸ್ವರಗಳನ್ನು ಎಬ್ಬಿಸುವ ದಡೂತಿ ಮನುಷ್ಯನನ್ನು ಎಲ್ಲರೂ ಗುಡುಗಣ್ಣ ಎನ್ನುತ್ತಿದ್ದರು. ತಂಗಿಗೂ ಒಂದು ಅಡ್ಡಹೆಸರಿತ್ತು: ಬಾಲ. ತೋಳು ಪೂರ್ತಿ ಚಾಚಿದರೂ ವಾದ್ಯದ ಜಾರುಕೊಳವೆಯ ಕೊನೆ ಎಟುಕದಿದ್ದ ವಯಸ್ಸಿನಿಂದಲೂ ಅವಳಿಗೆ ಅಣ್ಣನೇ ಗುರು. ಅವನು ಉಸಿರೆಳೆದಲ್ಲಿ ಅವಳೂ ಎಳೆಯುತ್ತಿದ್ದಳು, ಬಿಟ್ಟಲ್ಲಿ ಬಿಡುತ್ತಿದ್ದಳು. "ಅಣ್ಣ ಸೀನಿದ್ರೆ ಬಾಲಕ್ಕೆ ನೆಗಡಿ" ಎಂದು ಗುಡುಗಣ್ಣ ಕಾಲೆಳೆದರೆ ಅವಳಿಗೆ ಒಳಗೊಳಗೇ ಹೆಮ್ಮೆ.

ಶಸ್ತ್ರಚಿಕಿತ್ಸೆ ಆಯಿತು. ಅಣ್ಣನ ಕುರ್ಚಿಯಲ್ಲಿ ತಾತ್ಕಾಲಿಕವಾಗಿ ತಂಗಿಯನ್ನು ಕೂರಿಸಿದರು. ಆರು ತಿಂಗಳ ನಂತರ ಆಯ್ಕೆ. ಯಾರು ಬೇಕಾದರೂ ಬಂದು, ಮುಖ ಕಾಣದಂತೆ ಪರದೆಯ ಹಿಂದೆ ನುಡಿಸಬಹುದು, ಗೆದ್ದವರಿಗೆ ಜಾಗ. ಅವಳ ಮುಂದಿದ್ದುದು ಅಣ್ಣನದೇ ಸ್ವರಹಾಳೆಗಳು. ಉಸಿರೆಳೆಯಬೇಕಾದ ಕಡೆಯಲ್ಲೆಲ್ಲ ಅವನು ಪೆನ್ಸಿಲಿನಲ್ಲಿ ಹಾಕಿಟ್ಟ ಪುಟ್ಟ ಅಲ್ಪವಿರಾಮಗಳು. ಅವಳು ಒಂದನ್ನೂ ಮೀರಲಿಲ್ಲ. ಆದರೂ ಉದ್ದನೆಯ ಸಾಲಿನ ತುದಿಗೆ ಬರುವಷ್ಟರಲ್ಲಿ ಸ್ವರ ಏದುಸಿರು ಬಿಡುತ್ತಿತ್ತು.

ಒಂದು ಬೆಳಿಗ್ಗೆ ಅಭ್ಯಾಸದ ನಡುವೆ ವೃಂದದ ನಿರ್ದೇಶಕರು ಕೈ ಇಳಿಸಿದರು. "ಒಂದು ಸ್ವರಾನೂ ತಪ್ಪಿಲ್ಲಮ್ಮ. ಆದ್ರೆ ಮಾತಾಡ್ತಿರೋದು ಯಾರು ಅಂತ ಗೊತ್ತಾಗ್ತಿಲ್ಲ."

ಗುಡುಗಣ್ಣ ಕೂಡ ತಮಾಷೆ ಮಾಡದೆ ತನ್ನ ಬೂಟು ನೋಡುತ್ತ ಕೂತ. ಅವಳಿಗೆ ಹೆಚ್ಚು ಚುಚ್ಚಿದ್ದು ಅದೇ.

ಅಣ್ಣ ಅತ್ತಿಗೆ ಇದ್ದದ್ದು ಲಾಂಡ್ರಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ. ಕೆಳಗಿನ ಇಸ್ತ್ರಿಯ ಬಿಸಿಗೆ ಅಲ್ಲಿನ ನೆಲ ಸದಾ ಬೆಚ್ಚಗೆ. ಅತ್ತಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು, ಭಾನುವಾರ ಮಾತ್ರ ಮನೆಯಲ್ಲಿರುತ್ತಿದ್ದಳು. ಮಾತಿನ ಮಲ್ಲನಾಗಿದ್ದ ಅಣ್ಣ ಈಗ ಒಂದು ನೋಟ್‌ಬುಕ್ ಇಟ್ಟುಕೊಂಡು "ಹಾಲಿಲ್ಲ", "ಕಿಟಕಿ ಹಾಕು" ಎಂದು ಬರೆಯುತ್ತಿದ್ದ. ವಾದ್ಯ ಮಂಚದಡಿ ಸೇರಿತ್ತು.

ಒಂದು ಭಾನುವಾರ ತಂಗಿ ಹಾಳೆಗಳ ಜೊತೆ ತನ್ನ ಟ್ರಾಂಬೋನನ್ನೂ ಹೊತ್ತು ಬಂದದ್ದನ್ನು ಕಂಡು ಅತ್ತಿಗೆ ಬಾಗಿಲಲ್ಲೇ ತಡೆದಳು. "ಆ ಸುದ್ದಿ ಎತ್ತಬೇಡ ಕಣೇ. ಮೊನ್ನೆ ರೇಡಿಯೋದಲ್ಲಿ ಯಾವುದೋ ವಾದ್ಯ ಬಂತು ಅಂತ ಅರ್ಧ ಊಟಕ್ಕೇ ಎದ್ದುಹೋದ್ರು."

ತಂಗಿ ಎತ್ತಿಯೇಬಿಟ್ಟಳು. "ಅಣ್ಣ, ನಿನ್ನ ಹಾಗೆ ನುಡಿಸೋಕೆ ಎಷ್ಟು ಒದ್ದಾಡಿದ್ರೂ ಆಗ್ತಿಲ್ಲ. ನಂಗಿನ್ಯಾರಿದಾರೆ ಕೇಳೋಕೆ?"

ಅವನು ನೋಟ್‌ಬುಕ್ ಎಳೆದುಕೊಂಡ. ಆಮೇಲೆ ಬರೆದ: "ನುಡಿಸು."

ಅವಳು ಅರ್ಧ ಮುಗಿಸುವ ಮೊದಲೇ ಮೇಜು ಬಡಿದು ಬರೆದ: "ಉಸಿರು ಯಾರದು?"

"ನೀನು ಗುರುತು ಹಾಕಿರೋ ಕಡೆಯೇ ತಗೋತಿದೀನಲ್ಲ."

"ನನ್ನ ಎದೆ ಎಷ್ಟು, ನಿನ್ನದೆಷ್ಟು? ನನ್ನ ಅಂಗಿ ತೊಟ್ಟುಕೊಂಡು ಓಡ್ತಿದೀಯ, ಕಾಲಿಗೆ ತೊಡರದೆ ಇರುತ್ತಾ?"

ಅವಳಿಗೆ ಎಲ್ಲಿತ್ತೋ ಸಿಟ್ಟು. "ಇಷ್ಟು ವರ್ಷ ಯಾಕೆ ಹೇಳಲಿಲ್ಲ? ಪಕ್ಕದಲ್ಲೇ ಕೂತಿದ್ದೆನಲ್ಲ!"

ಅವನು ಬರೆದು ನೋಟ್‌ಬುಕ್ ಅವಳತ್ತ ತಳ್ಳಿದ. "ಪಕ್ಕದಲ್ಲಿ ನೀನು ಹಾಗೆ ಇರೋದು ನಂಗೆ ಚೆನ್ನಾಗಿತ್ತು."

ಅಣ್ಣ ಎದ್ದು ಡ್ರಾಯರಿನಿಂದ ರಬ್ಬರ್ ತಂದ. ಮೊದಲ ಹಾಳೆಯ ಮೊದಲ ಅಲ್ಪವಿರಾಮವನ್ನು ಅಳಿಸಿದ. ಆಮೇಲೆ ಎರಡನೆಯದನ್ನು.

"ಬೇಡ ಅಣ್ಣ, ಅದಿರಲಿ. ನಾನು ಬೇರೆ ಪ್ರತಿ ತಗೋತೀನಿ."

ಅವನು ತಲೆ ಎತ್ತಲಿಲ್ಲ. ಹಳೆಯ ಗುರುತುಗಳು ಕಾಗದಕ್ಕೆ ಇಳಿದುಹೋಗಿದ್ದವು. ಉಜ್ಜಿ ಉಜ್ಜಿ ತೆಗೆಯಬೇಕಿತ್ತು. ಒಂದು ಪುಟ ಮುಗಿದಾಗ ರಬ್ಬರಿನ ಪುಡಿ ಊದಿ ಹಾರಿಸಲು ರೂಢಿಯಂತೆ ತುಟಿ ಚೂಪು ಮಾಡಿದ. ಪುಡಿ ಅಲ್ಲಾಡಲಿಲ್ಲ. ಕತ್ತಿನ ತೂತು ಮುಚ್ಚಿದ ಬಟ್ಟೆಯ ಹಿಂದಿನಿಂದ ಗಾಳಿ ಸುಯ್ ಎಂದಿತು. ಅಂಗೈಯಿಂದ ಒರೆಸಿ ಮುಂದಿನ ಪುಟ ತಿರುವಿದ. ಅತ್ತಿಗೆ ಎದ್ದು ಒಳಗೆ ಹೋದಳು. ಸಂಜೆಯ ಹೊತ್ತಿಗೆ ನಲವತ್ತು ಪುಟಗಳಲ್ಲಿ ಅವನ ಒಂದು ಉಸಿರೂ ಉಳಿದಿರಲಿಲ್ಲ.

ಆಮೇಲಿನ ವಾರಗಳಲ್ಲಿ ಅವಳು ನಡೆಯಲು ಕಲಿಯುವ ಮಗುವಿನ ಹಾಗೆ ಎಡವಿದಳು. ಎಲ್ಲಿ ತನ್ನ ಎದೆ ಬರಿದಾಗುವುದೋ ಅಲ್ಲೇ ನಿಂತಳು. ಸಾಲುಗಳು ತುಂಡುತುಂಡಾದವು, ಅಕ್ಕಪಕ್ಕದವರು ಹುಬ್ಬೇರಿಸಿದರು. ಒಂದು ನಿಧಾನದ ಸಾಲಿನಲ್ಲಿ, ಯಾರೂ ಉಸಿರೆಳೆಯದ ನಟ್ಟನಡುವೆ ಒಮ್ಮೆ ಅವಳಿಗೆ ನಿಲ್ಲಲೇಬೇಕಾಯಿತು. ಅಳು ನುಂಗಿಕೊಂಡು ಮಾತು ಮುಂದುವರಿಸುವವರು ನಡುವೆ ಒಂದಿಷ್ಟು ನಿಲ್ಲುತ್ತಾರಲ್ಲ, ಹಾಗೆ ಕೇಳಿತು ಅದು. ನಿರ್ದೇಶಕರು ತಲೆ ಎತ್ತಿ ನೋಡಿದರು, ನಿಲ್ಲಿಸಲಿಲ್ಲ. ಅಭ್ಯಾಸ ಮುಗಿದ ಮೇಲೆ ಗುಡುಗಣ್ಣ, "ಬಾಲಕ್ಕೂ ತಲೆ ಬಂತಲ್ಲಪ್ಪಾ" ಎಂದ, ಕಣ್ಣು ಬೇರೆಡೆ ತಿರುಗಿಸಿ.

ಆಯ್ಕೆಗೆ ಇಪ್ಪತ್ತಮೂರು ಜನ ಬಂದಿದ್ದರು. ಪರದೆಯ ಹಿಂದೆ ಅವಳು ನುಡಿಸಿದ್ದು ಹತ್ತೇ ನಿಮಿಷ. ಕುರ್ಚಿ ಅವಳದಾಯಿತು.

ಅಣ್ಣ ಒಂದೇ ಒಂದು ಕಛೇರಿಗೆ ಬಂದ, ಕತ್ತಿಗೆ ಬೂದುಬಣ್ಣದ ವಸ್ತ್ರ ಸುತ್ತಿಕೊಂಡು. ಮುಗಿದ ಮೇಲೆ ಅವಳ ಬೆನ್ನ ಮೇಲೆ ಕೈ ಇಟ್ಟ. ಅಷ್ಟರಲ್ಲಾಗಲೇ ರೋಗ ಶ್ವಾಸಕೋಶಕ್ಕಿಳಿದಿತ್ತು. ಏಳು ವಾರ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟ.

ತಿಂಗಳಾದ ಮೇಲೆ ಅತ್ತಿಗೆ ಕರೆ ಮಾಡಿದಳು. "ಅವರ ದನಿ ಮರೆತುಹೋಗ್ತಿದೆ ಕಣೇ. ಮಾತಾಡಿದ್ದು ಎಲ್ಲೂ ಉಳಿದಿಲ್ಲ. ನಿಮ್ಮ ಹಳೇ ರೆಕಾರ್ಡಿಂಗ್ ಇದ್ರೆ ತಗೊಂಡು ಬಾ."

ಇಬ್ಬರೂ ಆ ಬೆಚ್ಚಗಿನ ನೆಲದ ಮೇಲೆ ಕೂತು ಕೇಳಿದರು. ಅಣ್ಣ ತಂಗಿ ಇಬ್ಬರೇ ಒಂದೇ ಸ್ವರವನ್ನು ಒಟ್ಟಿಗೆ ನುಡಿಸುವ ಜಾಗ ಬಂತು. ಅತ್ತಿಗೆ ಅವಳ ಮಣಿಕಟ್ಟು ಹಿಡಿದುಕೊಂಡಳು. "ಇದರಲ್ಲಿ ಅವರು ಯಾವುದು?"

ತಂಗಿ ಕಿವಿಗೊಟ್ಟಳು. ಒಂದೇ ಹಾಗೆ ಶುರುವಾಗಿ, ಒಂದೇ ಕಡೆ ಉಸಿರೆಳೆದು, ಒಂದೇ ಹಾಗೆ ಮುಗಿಯುವ ಎರಡು ದನಿಗಳು. ಅವಳಿಗೂ ಬಿಡಿಸಲಾಗಲಿಲ್ಲ.

"ಇದೇ ಅತ್ತಿಗೆ," ಎಂದಳು. "ಈಗ ಬರ್ತಿದೆಯಲ್ಲ, ಇದೇ ಅಣ್ಣ."

ಅತ್ತಿಗೆ ಕಣ್ಣು ಮುಚ್ಚಿ ಮತ್ತೆ ಮೊದಲಿನಿಂದ ಹಾಕು ಎಂದಳು. ತಂಗಿ ಮತ್ತೆ ಹಾಕಿದಳು.