ಸೋನಾಲಿಯ ಇನ್ನೂರಾ ಹದಿನೇಳು ಫೋಟೊ

ಭಾವ ಸಂಗ್ರಾಮನಿಗೆ ನಾಚಿಕೆ ಎನ್ನುವುದು ಹುಟ್ಟಿನಿಂದಲೇ ಇರಲಿಲ್ಲವೋ, ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕೂತು ಕೂತು ಒಣಗಿ ಹೋಯಿತೋ, ಭಾಗ್ಯಾಳಿಗೆ ತಿಳಿಯದು. ತಿಳಿದದ್ದು ಇಷ್ಟೇ. ಅವಳ ಅಕ್ಕ ಸೋನಾಲಿ ಡೆಂಗ್ಯೂ ಜ್ವರದಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ೨೦೧೫ರ ಕಾರಹುಣ್ಣಿಮೆಯ ಹೊತ್ತಿಗೆ ಸಂಗ್ರಾಮನಿಗೆ ಎರಡನೆಯ ಮದುವೆ ಗೊತ್ತಾಯಿತು. ಗೊತ್ತಾದ ವಾರವೇ ಅವನು ಗೋಡೆಯ ಮೇಲಿದ್ದ ಸೋನಾಲಿಯ ಹಾರ ಹಾಕಿದ ಫೋಟೊ ಇಳಿಸಿ, ಕಪಾಟಿನಲ್ಲಿದ್ದ ಮದುವೆಯ ಆಲ್ಬಮ್ಮನ್ನೂ ಅದರ ಜೊತೆ ಚೀಲಕ್ಕೆ ತುಂಬಿ, ಸ್ಕೂಟರಿನಲ್ಲಿ ಹೋಗಿ ವೇದಗಂಗೆಗೆ ಬಿಟ್ಟು ಬಂದ. ದೇವರ ಒಡೆದ ಪಟವನ್ನು ಹೊಳೆಗೆ ಬಿಡುತ್ತಾರಲ್ಲ, ಹಾಗೆ. ಬಿಟ್ಟು ಬಂದು ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತನಂತೆ. ಇದನ್ನು ಫೋನಿನಲ್ಲಿ ಹೇಳಿದವಳು ಅವನ ತಾಯಿ ಶೇವಂತಾ. ಅವಳೇನೋ ಮರುಕದಿಂದಲೇ ಹೇಳಿದಳು. ಆದರೆ ಮರುಕ ಇದ್ದವಳು ಮಗನ ಕೈಯಿಂದ ಚೀಲ ಕಸಿದುಕೊಳ್ಳಬೇಕಿತ್ತು.

ಭಾಗ್ಯಾಳಿಗೆ ಎರಡನೆಯ ಮದುವೆಯ ಮೇಲೆ ಸಿಟ್ಟಿರಲಿಲ್ಲ. ಗಂಡಸು ಮೂವತ್ತೆರಡರ ವಯಸ್ಸಿನವನು, ಮನೆಯಲ್ಲಿ ನಾಲ್ಕು ವರ್ಷದ ಮಗಳು ಶ್ರಾವಣಿ, ಮಾಡಿಕೊಳ್ಳಲಿ. ಅವಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಆ ಶ್ರಾವಣಿಯನ್ನು ನೆನೆದು. ತಾಯಿ ಸತ್ತಾಗ ಕೂಸಿಗೆ ಒಂದೂ ಕಾಲು ವರ್ಷ. ಅದರ ನೆನಪಿನಲ್ಲಿ ತಾಯಿ ಎಲ್ಲಿ ಉಳಿದಿದ್ದಾಳು? ಅದಕ್ಕೆ ತಾಯಿ ಎಂದರೆ ಗೋಡೆಯ ಮೇಲಿನ ಫೋಟೊ. ಅದೂ ಹೊಳೆಯ ಪಾಲಾಯಿತು. ಕರೋಶಿಯ ತವರುಮನೆಯಲ್ಲಿ ಹುಡುಕಿದರೆ ಸಿಕ್ಕದ್ದು ಶಾಲೆಯ ಏಳನೆಯ ಇಯತ್ತೆಯ ಗುಂಪು ಫೋಟೊ ಒಂದೇ. ಅದರಲ್ಲಿ ಸೋನಾಲಿ ಕಣ್ಣು ಮುಚ್ಚಿದ್ದಳು.

ಹಾಗಾದರೆ ಉಳಿದದ್ದು ಫೇಸ್‌ಬುಕ್. ಮದುವೆಯಾದ ಹೊಸದರಲ್ಲಿ ಸಂಗ್ರಾಮನೇ ತನ್ನ ಮೊಬೈಲಿನಲ್ಲಿ ಹೆಂಡತಿಗೆ ಖಾತೆ ತೆರೆದು ಕೊಟ್ಟಿದ್ದ. ಸೋನಾಲಿಗೆ ಅದರ ಹುಚ್ಚು ಹಿಡಿದು, ಒಲೆಯ ಮೇಲಿನ ರೊಟ್ಟಿಯಿಂದ ಹಿಡಿದು ಮಗುವಿನ ಮೊದಲ ಹಲ್ಲಿನವರೆಗೆ ಎಲ್ಲವನ್ನೂ ಹಾಕುತ್ತಿದ್ದಳು. ಭಾಗ್ಯಾ ಕರೋಶಿಯ ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡುವ ಕೆಲಸದಲ್ಲಿದ್ದಳು. ಆ ದಿನ ಕೆಲಸ ಮುಗಿಸಿ ಡೇರಿಯ ಕಂಪ್ಯೂಟರಿನಲ್ಲೇ ಅಕ್ಕನ ಪುಟ ತೆರೆದಳು. ಮುನ್ನೂರಾ ಎಂಬತ್ತು ಚಿಲ್ಲರೆ ಫೋಟೊ ಇದ್ದವು. ಮರುದಿನ ನೋಡಿದರೆ ಮುನ್ನೂರಾ ನಲವತ್ತು.

ಅವಳಿಗೆ ಮೊದಲು ತನ್ನ ಕಣ್ಣೇ ತಪ್ಪಿತೆನ್ನಿಸಿತು. ಆಮೇಲೆ ತಿಳಿಯಿತು. ಸಂಗ್ರಾಮ ವಖಾರಿಯಲ್ಲಿ ಬಿಡುವಾದಾಗಲೆಲ್ಲ ಒಂದೊಂದೇ ಅಳಿಸುತ್ತಿದ್ದ. ಇಡೀ ಖಾತೆಯನ್ನು ಒಮ್ಮೆಲೇ ಮುಚ್ಚಬಹುದೆಂದು ಆ ಶಾಣ್ಯಾನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಬಿಡುತ್ತಿರಲಿಲ್ಲ.

ಡೇರಿಯ ಕಂಪ್ಯೂಟರು ಒಂದು ಫೋಟೊ ತೆರೆಯುವಷ್ಟರಲ್ಲಿ ಎಮ್ಮೆ ಹಿಂಡಿ ಮುಗಿಯುತ್ತಿತ್ತು. ಭಾಗ್ಯಾ ರಜೆ ಹಾಕಿ, ಬೆಳಗಿನ ಬಸ್ಸಿಗೆ ಚಿಕ್ಕೋಡಿಗೆ ಹೋಗಿ, ಬಸ್‌ಸ್ಟ್ಯಾಂಡಿನ ಹಿಂದಿನ ಮಹಾವೀರನ ಇಂಟರ್ನೆಟ್ ಅಂಗಡಿಯಲ್ಲಿ ಕೂತಳು. ಮಹಾವೀರ ಸಂಭಾವಿತ ಮನುಷ್ಯ. ಕಥೆ ಕೇಳಿ, "ಅಕ್ಕಾರ, ಪಾಸ್‌ವರ್ಡ್ ಇದ್ರ ಎಲ್ಲಾ ಒಮ್ಮೆಲೇ ಇಳಿಸಾಕ ಬರ್ತೈತಿ. ಒಂದ್ ಮಾತ ಕೇಳಿ ನೋಡ್ರಿ," ಎಂದ. ಭಾಗ್ಯಾ ಅಲ್ಲಿಂದಲೇ ಫೋನು ಹಚ್ಚಿದಳು.

"ಭಾವಾ, ಅಕ್ಕನ ಫೋಟೊ ಯಾಕ ಅಳಸಾಕತ್ತೀರಿ?"

"ಹುಡುಗಿ ಕಡಿಯವ್ರಿಗೆ ಚಲೋ ಕಾಣೂದಿಲ್ಲ ಭಾಗ್ಯಾ," ಎಂದ ಸಂಗ್ರಾಮ. "ಅವ್ರss ಹೇಳ್ಯಾರ. ಹೊಸಾ ಸಂಸಾರ ಅಂದಮ್ಯಾಲ ಹಳೇದೆಲ್ಲಾ ತಗದ ಬಿಡ್ರಿ ಅಂತ."

"ತಗೀರಿ. ಆದ್ರ ಮೊದಲ ನನಗ ಪಾಸ್‌ವರ್ಡ್ ಕೊಡ್ರಿ. ನಾ ಎಲ್ಲಾ ಇಳಿಸ್ಕೊಂತೀನಿ. ಶ್ರಾವಣಿಗೆ ನಾಳೆ ಬೇಕಾಗ್ತಾವ."

"ಶ್ರಾವಣಿಗೆ ಹೊಸಾ ಆಯಿ ಬರಾಕತ್ತಾಳ. ಅಕಿ ತಲ್ಯಾಗ ಯಾಕ ಹಳೇದ ತುಂಬ್ತಿ?"

"ಒಂದ್ ದಿನಾ ಆದ್ರೂ ತಡೀರಿ ಭಾವಾ, ಕೈ ಮುಗೀತೀನಿ."

ಆಗ ಅವನು ಆ ಮಾತು ಆಡಿದ. "ನಿನ್ನ ಕೇಳಿದಾಗ ನೀ ಒಲ್ಲೆ ಅಂದಿ. ಈಗ ನನ್ನ ಸಂಸಾರದಾಗ ಕೈ ಹಾಕಬ್ಯಾಡ." ಫೋನು ಇಟ್ಟೇಬಿಟ್ಟ.

ಸೋನಾಲಿ ಸತ್ತ ವರ್ಷ ಹಿರಿಯರೆಲ್ಲ ಕೂಡಿ, ಕೂಸಿನ ಸಲುವಾಗಿ ಭಾಗ್ಯಾಳೇ ಭಾವನನ್ನು ಮಾಡಿಕೊಳ್ಳಲಿ ಎಂದು ಕೇಳಿದ್ದು ನಿಜ. ಅವಳು ಒಲ್ಲೆ ಎಂದದ್ದೂ ನಿಜ. ಅಕ್ಕನ ಸೀರೆ ಉಟ್ಟಂತೆ ಅಕ್ಕನ ಗಂಡನನ್ನು ಉಟ್ಟುಕೊಳ್ಳಲು ಬರುತ್ತದೆಯೇ? ಮೂರು ವರ್ಷ ಅದನ್ನು ಹಲ್ಲಿನ ಸಂದಿಯಲ್ಲಿ ಇಟ್ಟುಕೊಂಡಿದ್ದನಲ್ಲ ಈ ಮನುಷ್ಯ ಎಂದು ಭಾಗ್ಯಾಳ ಮೈಯೆಲ್ಲ ಉರಿಯಿತು. ಅದೇ ಉರಿಯಲ್ಲಿ ಮೌಸು ಹಿಡಿದಳು.

ಸಿಟ್ಟಿನಲ್ಲಿ ಮಾಡಿದ ಕೆಲಸ ನೆಟ್ಟಗೆ ಆಗುವುದಿಲ್ಲ. ಪುಟದ ಮೇಲೆ ಸಾಲಾಗಿ ಕಾಣುತ್ತಿದ್ದ ಫೋಟೊಗಳನ್ನು ಒಂದೊಂದೇ ಒತ್ತಿ ಒತ್ತಿ, ಅರ್ಧ ತಾಸಿನಲ್ಲಿ ನಲವತ್ತು ಇಳಿಸಿದಳು. ಒಂದನ್ನು ತೆರೆದು ದೊಡ್ಡದು ಮಾಡಿ ನೋಡಿದರೆ ಅಕ್ಕನ ಮುಖವೇ ಇಲ್ಲ, ಬರೀ ಚೌಕು ಚೌಕು ಬಣ್ಣ. ಮಹಾವೀರ ಎದ್ದು ಬಂದ. "ಅಯ್ಯ ತಡೀರಿ ಅಕ್ಕಾರ, ಇವು ಪೋಸ್ಟಿನ ತಿಕೀಟಿನಷ್ಟss ಇಳದಾವ. ಒಂದೊಂದು ಒತ್ತಿ ದೊಡ್ಡದ ಮಾಡ್ಕೊಂಡು, ಆಮ್ಯಾಲ ಇಳಿಸ್ಬೇಕ್ರಿ." ಮತ್ತೆ ಮೊದಲಿನಿಂದ ಶುರು ಮಾಡಿದಳು. ಅಷ್ಟರಲ್ಲಿ ಆ ನಲವತ್ತರಲ್ಲಿ ಹನ್ನೊಂದು ಮಾಯವಾಗಿದ್ದವು. ಒತ್ತಿದರೆ ಈ ಫೋಟೊ ಈಗ ಸಿಗುವುದಿಲ್ಲ ಎಂಬ ಸಾಲು ಬರುತ್ತಿತ್ತು.

ಫೋನಿನ ನಂತರ ಸಂಗ್ರಾಮನೂ ಹಟಕ್ಕೆ ಬಿದ್ದಿದ್ದ. ನಿಪ್ಪಾಣಿಯಲ್ಲಿ ಅವನು ಮೇಲೆ ಕೆಳಗೆ ಸಿಕ್ಕಲ್ಲೆಲ್ಲ ಅಳಿಸುತ್ತಿದ್ದ, ಚಿಕ್ಕೋಡಿಯಲ್ಲಿ ಇವಳು ಮೇಲಿನಿಂದ ಇಳಿಸುತ್ತ ಕೆಳಗೆ ಹೋಗುತ್ತಿದ್ದಳು. ಸತ್ತವಳ ಮೈಮೇಲೆ ನಿಂತು ಇಬ್ಬರೂ ಜಗ್ಗಾಡಿದಂತಿತ್ತು. ಶ್ರಾವಣಿಗೆ ಮೊದಲ ಸಲ ಎಣ್ಣೆ ಹಚ್ಚಿದ್ದು ಸಿಕ್ಕಿತು. ಸೋನಾಲಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಮಾವಿನಕಾಯಿ ಕಚ್ಚುತ್ತಿದ್ದದ್ದು ಸಿಕ್ಕಿತು. ತೊಟ್ಟಿಲು ಶಾಸ್ತ್ರದ ಇಪ್ಪತ್ತಾರು ಫೋಟೊ ಇದ್ದವು; ಮೂರನೆಯದನ್ನು ಇಳಿಸುವಾಗ ಅವನು ಆ ಆಲ್ಬಮ್ಮನ್ನೇ ಅಳಿಸಿ, ಉಳಿದ ಇಪ್ಪತ್ತಮೂರೂ ಕಣ್ಣೆದುರೇ ಹೋದವು. "ಹಾಳಾಗಿ ಹೋಗ ಲೇ!" ಎಂದು ಭಾಗ್ಯಾ ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ, ಪಕ್ಕದಲ್ಲಿ ಅರ್ಜಿ ತುಂಬುತ್ತಿದ್ದವರು ಕುರ್ಚಿ ಸರಿಸಿಕೊಂಡರು. ಮಧ್ಯಾಹ್ನ ಮೂರರ ಹೊತ್ತಿಗೆ ಪುಟ ಖಾಲಿಯಾಯಿತು. ಎಣಿಸಿದರೆ ಇನ್ನೂರಾ ಹದಿನೇಳು ಉಳಿದಿದ್ದವು. ಮಹಾವೀರ ಅವನ್ನು ಒಂದು ಪೆನ್‌ಡ್ರೈವಿಗೂ ಅವಳ ಮೊಬೈಲಿನ ಕಾರ್ಡಿಗೂ ಹಾಕಿಕೊಟ್ಟ. "ಎರಡ ಕಡೆ ಇರ್ಲಿ ಅಕ್ಕಾರ. ಒಂದ್ ಕೆಟ್ರ ಇನ್ನೊಂದ್ ಇರ್ತೈತಿ," ಎಂದ.

ಕರೋಶಿಗೆ ಬಂದವಳೇ ಭಾಗ್ಯಾ ಪೆನ್‌ಡ್ರೈವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಫೋಟೊ ಉಳಿಸಿದ ಸಂಗತಿಯನ್ನು ಅವ್ವ ಕಸ್ತೂರೆವ್ವನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಇದು ಸಂಗ್ರಾಮನ ಕಿವಿಗೆ ಹೀಗೆ ಸುಮ್ಮನೆ ಬೀಳಬಾರದು. ಒಂದು ದಿನ ನಾಲ್ಕು ಜನರ ಮುಂದೆ, ಅವನು ತಲೆ ಎತ್ತದ ಹಾಗೆ, ಮುಖಕ್ಕೆ ಎಸೆಯಬೇಕು. ಅದಕ್ಕೆ ಬೇಕಾದ ಮಾತುಗಳನ್ನು ಅವಳು ಡೇರಿಯಲ್ಲಿ ಹಾಲು ಅಳೆಯುತ್ತ ದಿನವೂ ಮನಸ್ಸಿನಲ್ಲೇ ತಿಕ್ಕಿ ಹೊಳಪು ಮಾಡಿದಳು. ಆ ಹುಡುಗಿ ಕಡೆಯವರಿಗೂ ಒಂದಿಷ್ಟು ಇಟ್ಟಿದ್ದಳು. ಸತ್ತವಳ ಮುಖ ನೋಡಿದರೆ ಇವರ ಮಗಳಿಗೆ ಏನು ಸವೆಯುತ್ತಿತ್ತಂತೆ?

ಪಂಚಮಿಗೆ ಶ್ರಾವಣಿ ಬಂದು ನಾಲ್ಕು ದಿನ ಇದ್ದು ಹೋದಳು. ದೀಪಾವಳಿಗೂ ಬಂದಳು. ಚಿಕ್ಕಮ್ಮನನ್ನು ಮೌಶಿ ಎಂದೇ ಕರೆಯುತ್ತಿದ್ದಳು. ಭಾಗ್ಯಾ ಅವಳಿಗೆ ಎರೆದಳು, ಜಡೆ ಹಾಕಿದಳು, ಡೇರಿಗೆ ಕರೆದೊಯ್ದು ಕೆನೆ ತಿನ್ನಿಸಿದಳು. "ಕೂಸಿಗೆ ಆ ಫೋಟೊ ತೋರ್ಸ ಬೇ," ಎಂದು ಕಸ್ತೂರೆವ್ವ ಎರಡು ಸಲ ಹೇಳಿದಳು. "ತೋರಿಸಿದ್ರ ಹೋಗಿ ಅಪ್ಪನ ಮುಂದ ಹೇಳ್ತೈತಿ. ತಡಿ, ಅದಕ್ಕೊಂದ ವ್ಯಾಳ್ಯಾ ಬರ್ತೈತಿ," ಎಂದು ಭಾಗ್ಯಾ ಬಾಯಿ ಮುಚ್ಚಿಸಿದಳು.

ವೇಳೆ ತಾನಾಗಿಯೇ ಮನೆ ಬಾಗಿಲಿಗೆ ಬಂತು. ತುಳಸಿ ಲಗ್ನ ಮುಗಿದ ಮೂರನೆಯ ದಿನ, ಮಟಮಟ ಮಧ್ಯಾಹ್ನ, ಶೇವಂತಾ ಟಂಟಂ ರಿಕ್ಷಾದಿಂದ ಇಳಿದಳು. ಜೊತೆಗೆ ಶ್ರಾವಣಿ, ಇನ್ನೊಂದು ಹಸಿರು ಸೀರೆಯ ಹುಡುಗಿ. ಅವಳೇ ಪ್ರಾಜಕ್ತಾ, ಮದುಮಗಳು. ಮದುವೆಗೆ ಎಂಟು ದಿನ ಉಳಿದಿತ್ತು.

ಕೊಟ್ಟ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಶೇವಂತಾ ಬಂದ ಕಾರಣ ಹೇಳಿದಳು. ಅವರ ಮನೆತನದಲ್ಲಿ ಒಂದು ರೂಢಿ. ಮೊದಲಿನವಳು ತೀರಿಹೋದ ಮನೆಗೆ ಎರಡನೆಯವಳು ಕಾಲಿಡುವಾಗ ಮೊದಲಿನವಳ ಮುಖ ಮೂಡಿಸಿದ ಬೆಳ್ಳಿಯ ಬಿಲ್ಲೆಯನ್ನು, ಟಾಕು ಎನ್ನುತ್ತಾರೆ ಅದಕ್ಕೆ, ಕರಿಮಣಿಯ ಜೊತೆ ಕೊರಳಲ್ಲಿ ಧರಿಸಿರಬೇಕು. ಇಲ್ಲದಿದ್ದರೆ ದೇವರ ಕೋಣೆಗೆ ಪ್ರವೇಶವಿಲ್ಲ. ಹಿಂದೆಲ್ಲ ಅಕ್ಕಸಾಲಿಗ ಎರಡು ಕಣ್ಣು, ಒಂದು ಮೂಗು ಕೊರೆದರೆ ಮುಗಿಯುತ್ತಿತ್ತು. ಈಗ ನಿಪ್ಪಾಣಿಯಲ್ಲಿ ಮಷೀನು ಬಂದಿದೆ. ಫೋಟೊ ಕೊಟ್ಟರೆ ಇದ್ದ ಹಾಗೆ ಕೆತ್ತುತ್ತದೆ. ಫೋಟೊ ಕೊಡಿರೆಂದು ಅಕ್ಕಸಾಲಿಗ ಕೇಳಿದಾಗ ಮನೆಯಲ್ಲಿ ಒಂದೂ ಇಲ್ಲ.

"ನಮ್ಮ ಸಂಗ್ರಾಮಗ ಟಾಕಿಂದ ನೆನಪss ಆಗಿಲ್ಲ ನೋಡ್ರಿ," ಎಂದಳು ಶೇವಂತಾ. "ನಿಮ್ಮ ಕಡೆ ಯಾವುದರ ಒಂದ್ ಫೋಟೊ ಇದ್ರ..."

ಭಾಗ್ಯಾ ನಕ್ಕಳು. ನಗು ಅವಳಿಗೇ ಕೆಟ್ಟದಾಗಿ ಕೇಳಿಸಿತು. "ಮುಖಾ ಹೊಳ್ಯಾಗ ಒಗದ ಬಂದ್ರಿ. ಈಗ ಕೊಳ್ಳಾಗ ಹಾಕ್ಕೊಳ್ಳಾಕ ಅದss ಮುಖಾ ಬೇಕಾತೇನ್ರಿ? ಅಳಸುವಾಗ ಕೈ ಮುಗದ್ನಿ, ಒಂದ್ ದಿನಾ ತಡೀರಿ ಅಂದ್ನಿ. ತಡದ್ರೇನು?" ಪ್ರಾಜಕ್ತಾಳ ಕಡೆ ತಿರುಗಿದಳು. "ಮತ್ತ ನೀವು! ನಿಮ್ಮ ಕಣ್ಣಿಗೆ ಸತ್ತಾಕಿ ಫೋಟೊನೂ ಚುಚ್ಚತಾವಂತಲ್ಲ? ಎಲ್ಲಾ ತಗೀರಿ ಅಂತ ಹೇಳಿ ಕಳಿಸಿದ್ರಲ್ಲ?"

ಪ್ರಾಜಕ್ತಾಳ ಬಾಯಿ ಅರ್ಧ ತೆರೆದುಕೊಂಡಿತು. "ನಾವ? ನಾವ್ಯಾರೂ ಹಂಗ ಹೇಳಿಲ್ರಿ. ಗೊತ್ತಾದ ಮ್ಯಾಲ ಮನಿ ನೋಡಾಕ ಬಂದಾಗ ನಮ್ಮ ಅಪ್ಪಾರ, ಮೊದಲಿನಾಕಿ ಫೋಟೊ ತೋರಸ್ರಿ, ಕೈ ಮುಗೀತೀವಿ ಅಂದ್ರು. ಇವ್ರss ಒಂದೂ ಇಲ್ಲ ಅಂದ್ರು." ಅವಳ ದನಿಯೂ ಏರಿತು. "ನನ್ನ ಹೆಸರ ಮ್ಯಾಲೆ ಹಾಕ್ಯಾರೇನು?"

"ಅಂವಾ ತಾನss ಹಾಕ್ಯಾನ ನೋಡವ್ವಾ," ಎಂದಳು ಶೇವಂತಾ. ಸಂಗ್ರಾಮನಿಗೆ ಯಾರೂ ಏನೂ ಹೇಳಿರಲಿಲ್ಲ. ಫೇಸ್‌ಬುಕ್ಕಿನಲ್ಲಿ ತಾನು ಹೊಸ ಹುಡುಗನಾಗಿ ಕಾಣಬೇಕು, ಗೆಳೆಯರು ಹಳೇ ಹೆಂಡತಿಯ ಫೋಟೊದ ಕೆಳಗೆ ಅಯ್ಯೋ ಪಾಪ ಎಂದು ಬರೆಯಬಾರದು, ಅಷ್ಟೇ. ಅಷ್ಟಕ್ಕೆ ಮಗಳ ತಾಯಿಯನ್ನು ಒರೆಸಿ ಹಾಕಿ, ಅದರ ಪಾಪವನ್ನು ಇನ್ನೂ ಮನೆಗೇ ಬಾರದ ಹುಡುಗಿಯ ತಲೆಗೆ ಕಟ್ಟಿದ್ದ.

"ಬಂದ ಮಾತಾಡ್ಲಿ ಅಂವಾ," ಎಂದು ಭಾಗ್ಯಾ ಮೊಬೈಲು ಕೈಗೆತ್ತಿಕೊಂಡಳು. "ಇಲ್ಲೇ ಕರಸ್ತೀನಿ. ಒಂದಲ್ಲ, ಇನ್ನೂರಾ ಹದಿನೇಳು ಅದಾವ ನನ್ನ ಕಡೆ. ಒಂದೊಂದ ಅವನ ಕಣ್ಣಿಗೆ ಹಿಡೀತೀನಿ." ಮೊದಲು ಶೇವಂತಾಳಿಗೆ ತೋರಿಸಬೇಕೆಂದು ಕಾರ್ಡಿನಲ್ಲಿದ್ದ ಫೋಟೊ ತೆರೆದು, ಮೊಬೈಲನ್ನು ಹೊರಸಿನ ಮೇಲೆ ಕುಕ್ಕಿದಳು. ಮಾವಿನಕಾಯಿಯ ಫೋಟೊ ಅದು. ಸೋನಾಲಿ ಕಂಕುಳಲ್ಲಿ ಕೂಸನ್ನು ಹಿಡಿದು, ಹುಳಿಗೆ ಒಂದು ಕಣ್ಣು ಕಿರಿದು ಮಾಡಿ ನಗುತ್ತಿದ್ದಳು.

ಎಲ್ಲರಿಗಿಂತ ಮೊದಲು ಅದನ್ನು ನೋಡಿದವಳು ಶ್ರಾವಣಿ. ಹೊರಸಿಗೆ ಗದ್ದ ಹಚ್ಚಿ, ಬೆರಳಿಟ್ಟು, ಖುಷಿಯಿಂದ ಕೂಗಿದಳು: "ಭಾಗ್ಯಾ ಮೌಶಿ!"

ಅಕ್ಕತಂಗಿಯರ ಮುಖ ಒಂದೇ ಅಚ್ಚಿನದೆಂದು ಊರೆಲ್ಲ ಹೇಳುತ್ತಿತ್ತು. ಗೋಡೆಯಿಂದ ಇಳಿದ ಮುಖ ಇಷ್ಟರಲ್ಲೇ ಕೂಸಿಗೆ ಮರೆತುಹೋಗಿತ್ತು. ಕಸ್ತೂರೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಪ್ರಾಜಕ್ತಾ ಮೆಲ್ಲಗೆ, "ಮತ್ತ ಈ ಪಾಪು ಯಾರದು?" ಎಂದು ಕೇಳಿದಳು.

"ಮೌಶಿದು," ಎಂದಳು ಶ್ರಾವಣಿ.

ಐದು ತಿಂಗಳಿಂದ ತಿಕ್ಕಿ ಇಟ್ಟ ಮಾತೆಲ್ಲ ಭಾಗ್ಯಾಳಿಗೆ ಈಗ ಬೇಡವಾದವು. ಎರಡು ಹಬ್ಬ ಈ ಕೂಸು ತನ್ನ ಮಗ್ಗುಲಲ್ಲೇ ಮಲಗಿ ಎದ್ದು ಹೋಗಿತ್ತು. ಕಾರ್ಡು ಕೈಯಲ್ಲೇ ಇತ್ತು. ಕೂಸಿಗೆ ತೋರಿಸಲೆಂದು ಉಳಿಸಿದ್ದನ್ನು ಸಂಗ್ರಾಮನ ಮುಖಕ್ಕೆ ಎಸೆಯಲು ಬಚ್ಚಿಟ್ಟಿದ್ದಳು. ಅವನು ಅಳಿಸಿದ, ಇವಳು ಬೀಗ ಹಾಕಿದಳು. ಕೂಸಿನ ಪಾಲಿಗೆ ಎರಡೂ ಒಂದೇ ಆಯಿತು. ತನ್ನ ಮೇಲೆ ತನಗೇ ಇಷ್ಟು ಸಿಟ್ಟು ಭಾಗ್ಯಾಳಿಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ.

ನೆಲಕ್ಕೆ ಕೂತು ಶ್ರಾವಣಿಯ ಎರಡೂ ತೋಳು ಹಿಡಿದಳು. "ಮೌಶಿ ಅಲ್ಲ ಇದು. ನಿನ್ನ ಅವ್ವ. ಈ ಪಾಪು ನೀನು."

ಶ್ರಾವಣಿ ಫೋಟೊ ನೋಡಿದಳು, ಭಾಗ್ಯಾಳನ್ನು ನೋಡಿದಳು. "ಸುಳ್ಳ," ಎಂದಳು. "ಅವ್ವಂದು ಫೋಟೊ ಇಲ್ಲ. ಪಪ್ಪಾ ಹೇಳ್ಯಾನ."

"ಅದಾವ," ಎಂದಳು ಭಾಗ್ಯಾ, ಶೇವಂತಾಳಿಗೂ ಪ್ರಾಜಕ್ತಾಳಿಗೂ ಕೇಳುವ ಹಾಗೆ. "ನನ್ನ ಕಡೆ ಅದಾವ. ಕಾರಹುಣ್ಣಿವಿಯಿಂದ ನನ್ನ ಕಡೇನss ಅದಾವ. ನಾ ನಿನಗ ತೋರಿಸಿಲ್ಲ."

"ಯಾಕ?" ಎಂದಳು ಶ್ರಾವಣಿ.