ಬಾಯ್ಲರಿನ ಕೆಮ್ಮು

"ನಿಂಗೆ ತಲೆ ಸಮ ಇತ್ತಾ ಅಕ್ಕ? ಬಾಯ್ಲರ್ ನೀರ್ ಖಾಲಿ ಮಾಡಿ ನಮ್ಮನ್ನೆಲ್ಲ ಹಾರ್ಸುದಾ?" ಭೋಜರಾಜ ಕಿರುಚಿದ.

"ಖಾಲಿ ಅಲ್ಲ ಮಾರಾಯ, ಅರ್ಧ ಗಾಜಿಗೆ ಇಳ್ಸುದ್. ಮಾತ್ ಪೂರ್ತಿ ಕೇಣ್!" ಎಂದಳು ಸರಸಕ್ಕ.

ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಸಂತಾನದ ಮನೆ. ಯಜಮಾನಿ ಸರಸಕ್ಕ, ಬಸ್ರೂರಿನ ಅಕ್ಕಿ ಗಿರಣಿ ನೋಡಿಕೊಳ್ಳುವವನು ತಮ್ಮ ಭೋಜರಾಜ. ಅರವತ್ತೆರಡನೇ ಇಸವಿಯಲ್ಲಿ ಜನ ಆಡಿಕೊಂಡರೂ ಹಟ ಹಿಡಿದು ಬಾಯ್ಲರ್ ತರಿಸಿದವಳು ಅವಳೇ. ಆ ಹಾಳಾದ್ದು ಕಾದೊಡನೆ ಗಡಗಡ ಕೆಮ್ಮುತ್ತಿತ್ತು. ಹಬೆಯ ಕೊಳವೆಯಲ್ಲಿ ಬಿಸಿನೀರೂ ನುಗ್ಗಿ ಬಂದು ತೊಟ್ಟಿಯ ಭತ್ತ ತೋಯುತ್ತಿತ್ತು. ಕುಚ್ಚಲಕ್ಕಿ ಬಿರಿದು ಮುದ್ದೆ. ಕುಂದಾಪುರದ ಅಂಗಡಿಯವರು ಗೋಣಿಗಳನ್ನು ವಾಪಸು ಕಳಿಸಿದ್ದರು. ಭೋಜರಾಜ ಗುಜರಿಯವನಿಗೆ ಮಾತು ಕೊಟ್ಟು ಬಂದಿದ್ದ. ಬಾಯ್ಲರ್ ಒಯ್ಯಲು ನಾಳೆ ಲಾರಿ ಬರುವುದಿತ್ತು.

ಮನೆಯಲ್ಲಿ ಭತ್ತ ಬೇಯಿಸುವಾಗ ಹಂಡೆಗೆ ಕಂಠಮಟ್ಟ ನೀರು ತುಂಬಿ ರೂಢಿ. ಬಾಯ್ಲರನ್ನೂ ಹಾಗೇ ತುಂಬುತ್ತಿದ್ದರು. ನೀರು ಕಡಿಮೆಯಾದರೆ ಒಡೆದೀತೆಂಬ ಹೆದರಿಕೆ ಬೇರೆ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಸದಾ ಭರ್ತಿ. ಹಂಡೆಗಾದರೆ ಬಾಯಿದೆ, ಉಕ್ಕಿದರೆ ಹೊರಗೆ ಚೆಲ್ಲುತ್ತದೆ. ಬಾಯಿ ಮುಚ್ಚಿದ ಬಾಯ್ಲರಿನೊಳಗೆ ಹಬೆಗೆ ನಿಲ್ಲಲು ಜಾಗವೇ ಇಲ್ಲದಿದ್ದರೆ ಕುದಿಯುವ ನೀರು ಎಲ್ಲಿಗೆ ಹೋಗಬೇಕು? ಸಂಜೆ ನೀರು ಗಾಜಿನ ನಡುವಿಗೆ ಇಳಿದ ಮೇಲೆ ಕೆಮ್ಮು ನಿಲ್ಲುವುದನ್ನು ಸರಸಕ್ಕ ಕಂಡಿದ್ದಳು. ಕೊನೆಯ ತೊಟ್ಟಿಯ ಅಕ್ಕಿ ಮಾತ್ರ ಹದವಾಗಿರುತ್ತಿತ್ತು.

"ಹೆಂಗ್ಸರಿಗೆ ಅಡಿಗೆ ಒಲೆ ಸಾಕ್," ಎಂದ ಭೋಜರಾಜ.

"ಇದೂ ಒಲೆಯೇ. ಹ್ವಾಯ್ ಚಂದಯ್ಯ, ನಲ್ಲಿ ತಿರ್ಗ್ಸ್!"

ಬೆಂಕಿ ಹಾಕುವ ಚಂದಯ್ಯ ಇಬ್ಬರ ಮುಖವನ್ನೂ ನೋಡಿದ. ನಲ್ಲಿ ತಿರುಗಿಸಿ ನೀರು ಹೊರಗೆ ಬಿಟ್ಟ. ಗಾಜಿನ ಅರ್ಧಕ್ಕೆ ಬಂದಾಗ ನಿಲ್ಲಿಸಿ, ಒಲೆಗೆ ಉಮಿ ಸುರಿದ. ಸರಸಕ್ಕ ಸೆರಗು ಬಿಗಿದು ಬಾಯ್ಲರಿನ ಪಕ್ಕದಲ್ಲೇ ನಿಂತಳು. ಭೋಜರಾಜ ಬಾಗಿಲ ಹತ್ತಿರ, ಓಡಲು ಅನುಕೂಲವಾಗುವಷ್ಟು ದೂರದಲ್ಲಿ.

ಕೆಮ್ಮಿಲ್ಲ. ಹಬೆ ಒಂದೇ ಸಮನೆ ಸುಯ್ಯೆಂದು ಬಂತು. ತೊಟ್ಟಿ ಬೆಂದ ಮೇಲೆ ಅವಳು ಒಂದು ಮುಷ್ಟಿ ಭತ್ತ ತೆಗೆದು ಅಂಗೈಯಲ್ಲಿ ಉಜ್ಜಿದಳು. ಸಿಪ್ಪೆ ಸಣ್ಣಗೆ ಬಾಯಿ ಬಿಟ್ಟಿತ್ತು. ಒಳಗೆ ಇಡಿಯ ಅಕ್ಕಿ, ಒಂದು ಕಾಳೂ ಬಿರಿದಿರಲಿಲ್ಲ. ಇಂಥ ಅಕ್ಕಿಯನ್ನು ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾವ ಗಿರಣಿಯವನು ತೋರಿಸುತ್ತಾನೋ ತೋರಿಸಲಿ ಎನಿಸಿತು ಅವಳಿಗೆ. ಎದೆಯುಬ್ಬಿತು.

"ಕಾಣ್ ಮಾರಾಯ! ಗುಜರಿಯವ ಬಂದ್ರೆ ನಿನ್ನನ್ನೇ ತಕಂಡ್ ಹೋಯ್ಲಿ!"

ಭತ್ತ ಹರಡುವ ಹೆಂಗಸರು ಕಿಸಕ್ಕನೆ ನಕ್ಕರು. ಭೋಜರಾಜನ ಮುಖ ಕಪ್ಪಿಟ್ಟಿತು. ಗೋಡೆಗೆ ಒರಗಿಸಿದ್ದ ಕೊಡೆ ಎತ್ತಿಕೊಂಡು, ತ್ರಾಸಿ ಊರಿನಲ್ಲಿದ್ದ ಹೆಂಡತಿ ಮನೆಯ ದಾರಿ ಹಿಡಿದ.

"ಅವ್ರನ್ನ್ ವಾಪಸ್ ಕರೂದಾ ಅಮ್ಮ?" ಚಂದಯ್ಯ ಕೇಳಿದ.

"ನೀ ಬೆಂಕಿ ಕಾಣ್."

ಭೋಜರಾಜ ಆಮೇಲೆ ಆ ಗಿರಣಿಗೆ ಕಾಲಿಡಲಿಲ್ಲ.